ಸೀಟಿ ಊದುವ ಮೊದಲು ನೋಡೋದು ಕಲಿಯಿರಿ

ಕಲಬುರಗಿಯಲ್ಲಿ ದೈಹಿಕ ಶಿಕ್ಷಣ ಓದುತ್ತಿರುವವರು, ಜೊತೆಗೆ ಆಟ ಬಿಟ್ಟು ಈಗ ಕೋಚ್ ಆಗಬೇಕು ಅಂತಿರುವ ಕೆಲವರು, ಇವರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ, ಈ ಫ್ಯಾನ್ ಸದ್ದಿನಲ್ಲಿ ನನ್ನ ಮಾತು ಅಲ್ಲಿವರೆಗೆ ಮುಟ್ಟಲ್ಲ.

ಕೋಚ್ ಆಗಬೇಕು ಅಂತ ಬರುವವರು ಮೊದಲು ಕೇಳೋದೇ ಕೋರ್ಸ್ ಬಗ್ಗೆ. "ಸರ್, ಎನ್‌ಐಎಸ್ ಮಾಡ್ಲಾ, ಎಂ.ಪಿ.ಎಡ್. ಮಾಡ್ಲಾ, ಯಾವ್ದು ಲಗೂ ಆಗ್ತದ್ರಿ?" ಎನ್‌ಐಎಸ್ ಅಂದರೆ ಪಟಿಯಾಲದ ಕೋಚಿಂಗ್ ಕೋರ್ಸ್, ಎಂ.ಪಿ.ಎಡ್. ಅಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ. ಕೋರ್ಸ್ ಬಗ್ಗೆ ಹೇಳುತ್ತೇನೆ, ಆದರೆ ಆಮೇಲೆ. ಅದಕ್ಕೂ ಮೊದಲು ಒಬ್ಬ ಒಳ್ಳೆ ಕೋಚ್ ಹುಡುಕಿ, ಅವರ ಕೈಕೆಳಗೆ ಒಂದು ಸೀಸನ್ ಇಂಟರ್ನ್ ಆಗಿ ನಿಲ್ಲಿ. ಅಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ಒಂದೇ, ಬೇರೆಯವರ ಆಟ ನೋಡೋದು. ಇದು ಸುಲಭ ಅಂತ ಕಾಣುತ್ತದೆ. ಸುಲಭ ಇಲ್ಲ.

ಯಾಕೆ ಅಂದರೆ ನೀವೆಲ್ಲ ಆಟಗಾರರು. ಇಷ್ಟು ವರ್ಷ ನೀವು ನೋಡಿದ್ದು ಚೆಂಡು, ಎದುರಾಳಿ, ಮುಂದಿರುವ ಗೆರೆ. ನಿಮ್ಮ ದೇಹ ಏನು ಮಾಡುತ್ತಿದೆ ಅಂತ ನಿಮಗೆ ಒಳಗಿನಿಂದ ಗೊತ್ತು. ಹೊರಗೆ ನಿಂತು, ಹನ್ನೆರಡು ವರ್ಷದ ಹುಡುಗಿಯ ಎಡಗಾಲು ನೆಲ ಮುಟ್ಟುವ ಆ ಒಂದು ಚಣದಲ್ಲಿ ಏನಾಯಿತು ಅಂತ ಹಿಡಿಯೋದು ಬೇರೆಯೇ ಕೆಲಸ. ಚೆನ್ನಾಗಿ ಆಡಿದವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಅವರಿಗೆ ಬಂದಿದ್ದು ಹೇಗೆ ಬಂತು ಅಂತ ಅವರಿಗೇ ಗೊತ್ತಿರಲ್ಲ. "ನಾನು ಮಾಡಿದ ಹಾಗೆ ಮಾಡು" ಅನ್ನುತ್ತಾರೆ. ಮಗು ಮಾಡೋದಿಲ್ಲ. ಅಲ್ಲಿಗೆ ಅವರ ಕೋಚಿಂಗ್ ಮುಗಿಯಿತು.

ಸಚಿನ್ ತೆಂಡೂಲ್ಕರ್ ಅವರನ್ನು ತಯಾರು ಮಾಡಿದ ರಮಾಕಾಂತ್ ಆಚ್ರೇಕರ್ ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ. ಅವರಿಗೆ 1990 ರಲ್ಲಿ, ಕೋಚ್‌ಗಳಿಗೆ ಕೇಂದ್ರ ಸರ್ಕಾರ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಆ ಪ್ರಶಸ್ತಿ ಶುರುವಾದ 1985 ರಲ್ಲೇ ಅದನ್ನು ಪಡೆದ ಮೂವರಲ್ಲಿ ಒಬ್ಬರು ಓ.ಎಂ. ನಂಬಿಯಾರ್, ಪಿ.ಟಿ. ಉಷಾ ಅವರ ಗುರು. ವಾಯುಪಡೆಯಲ್ಲಿದ್ದವರು, ಪಟಿಯಾಲದಲ್ಲಿ ತರಬೇತಿ ಕಲಿತವರು, ದೇಶಕ್ಕಾಗಿ ಆಡಿದವರಲ್ಲ. ಕಣ್ಣೂರಿನಲ್ಲಿ ಒಬ್ಬ ಬಡಕಲು ಹುಡುಗಿಯ ಓಟ ನೋಡಿ ಇವಳಲ್ಲಿ ಏನೋ ಇದೆ ಅಂತ ಗುರುತಿಸಿದರು. ಫುಟ್‌ಬಾಲ್ ನೋಡುವವರಿಗೆ ಜೋಸ್ ಮೊರಿನ್ಹೊ ಗೊತ್ತಲ್ವಾ? ಅವರು 1992 ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ಗೆ ಬಂದದ್ದು ಬಾಬಿ ರಾಬ್ಸನ್ ಅನ್ನುವ ಇಂಗ್ಲಿಷ್ ಕೋಚ್‌ನ ದುಭಾಷಿಯಾಗಿ. ಆಮೇಲೆ ಅದೇ ರಾಬ್ಸನ್ ಜೊತೆ ಪೋರ್ಟೊಗೆ, ಅಲ್ಲಿಂದ ಬಾರ್ಸಿಲೋನಾಗೆ. ದೊಡ್ಡ ಕೋಚ್ ಒಬ್ಬರ ಪಕ್ಕದಲ್ಲೇ ವರ್ಷಗಟ್ಟಲೆ ನಿಂತು, ಅವರು ಏನು ನೋಡುತ್ತಾರೆ, ಯಾರಿಗೆ ಏನು ಹೇಳುತ್ತಾರೆ ಅಂತ ದಿನಾ ಕಂಡವರು. ಇದಕ್ಕಿಂತ ಒಳ್ಳೆ ಇಂಟರ್ನ್‌ಶಿಪ್ ಇನ್ನೇನು ಬೇಕು.

ನಮ್ಮ ಭಾಗದಲ್ಲೂ ಇದು ಹೊಸದೇನಲ್ಲ. ತಾಲೀಮಿಗೆ, ಅಂದರೆ ಕುಸ್ತಿಯ ಗರಡಿಗೆ, ಹೋದ ಹುಡುಗನಿಗೆ ಮೊದಲ ದಿನವೇ ಜೋಡಿ ಸಿಗೋದಿಲ್ಲ. ಮಣ್ಣು ಅಗೆಯುತ್ತಾನೆ, ಹದ ಮಾಡುತ್ತಾನೆ, ಅಂಚಿನಲ್ಲಿ ಕೂತು ಗರಡಿಯ ಗುರು ವಸ್ತಾದ ಯಾರಿಗೆ ಯಾವ ಪಟ್ಟು ಹೇಳಿಕೊಡುತ್ತಾರೆ ಅಂತ ನೋಡುತ್ತಾನೆ. ಕೆಲವು ವರ್ಷ ಕಳೆದ ಮೇಲೆ ಚಿಕ್ಕವರಿಗೆ ದಂಡ, ಬೈಠಕ್ ಹಾಕಿಸುವ ಕೆಲಸ ಅವನ ಪಾಲಿಗೆ ಬರುತ್ತದೆ. ಯಾರೂ ಅವನಿಗೆ ಸರ್ಟಿಫಿಕೇಟ್ ಕೊಡಲ್ಲ, ಆದರೆ ಯಾವ ಹುಡುಗ ಯಾವಾಗ ಕುಸ್ತಿ ಹಿಡಿಯಲು ತಯಾರು ಅಂತ ಅವನಿಗೆ ಕಾಣೋಕೆ ಶುರುವಾಗಿರುತ್ತದೆ.

ಸರಿ, ನೋಡೋದು ಅಂದರೆ ಏನು? ಕೈಕಟ್ಟಿ ಮೈದಾನದ ಅಂಚಿನಲ್ಲಿ ನಿಲ್ಲೋದಲ್ಲ. ಮೊಬೈಲ್‌ನಲ್ಲಿ ವಿಡಿಯೋ ಮಾಡೋದೂ ಅಲ್ಲ, ಆ ವಿಡಿಯೋ ಆಮೇಲೆ ಯಾರೂ ತೆಗೆದು ನೋಡಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಜೇಬಿಗೆ ಹೋಗುವಂಥದ್ದು. ಮೊದಲ ವಾರ ಒಂದೇ ಮಗುವನ್ನು ನೋಡಿ. ಇಡೀ ಗುಂಪು ಬೇಡ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಒಂದು ಗಂಟೆಯಲ್ಲಿ ಆ ಮಗು ನಿಜವಾಗಿ ಓಡಿದ್ದು, ಹಾರಿದ್ದು, ಎಸೆದದ್ದು ಎಷ್ಟು ಹೊತ್ತು ಅಂತ ಅಳೆಯಿರಿ.

ಲೆಕ್ಕ ಮಾಡೋಣ. 30 ಮಕ್ಕಳು, ಒಂದು ಸಾಲು. ಒಬ್ಬೊಬ್ಬರ ಸರದಿಗೆ 10 ಸೆಕೆಂಡ್. ಒಂದು ಸುತ್ತು ಮುಗಿಯಲು 300 ಸೆಕೆಂಡ್, ಅಂದರೆ 5 ನಿಮಿಷ. ಗಂಟೆಗೆ ಒಂದು ಮಗುವಿಗೆ 12 ಸರದಿ. ಒಟ್ಟು 120 ಸೆಕೆಂಡ್. ಎರಡೇ ನಿಮಿಷ ಆಟ, ಉಳಿದ 58 ನಿಮಿಷ ಸಾಲಿನಲ್ಲಿ ನಿಂತು ಮುಂದಿನವನ ಶರ್ಟ್ ಎಳೆಯೋದು, ಹಿಂದಿನವನ ಜೊತೆ ಜಗಳ, ಬಾಯಾರಿಕೆ. ಆಮೇಲೆ ನಾವು "ಈಗಿನ ಹುಡುಗರಿಗೆ ಶಿಸ್ತಿಲ್ಲ" ಅನ್ನುತ್ತೇವೆ! ಅದೇ 30 ಮಕ್ಕಳನ್ನು ಐದೈದು ಜನರ 6 ಸಾಲು ಮಾಡಿ ನಿಲ್ಲಿಸಿದರೆ 50 ಸೆಕೆಂಡಿಗೊಮ್ಮೆ ಸರದಿ ಬರುತ್ತದೆ. ವೇಗದ ಓಟಕ್ಕೆ ಅಷ್ಟು ಬೇಗ ಸರದಿ ಬರಬಾರದು, ಅದಕ್ಕೆ ಸುಧಾರಿಸಿಕೊಳ್ಳಲು ಸಮಯ ಬೇಕು, ಅಲ್ಲಿ ಸಾಲು ಕಡಿಮೆ ಮಾಡಬೇಕು. ಆದರೆ ಚೆಂಡು ಹಿಡಿಯೋದು, ಪಾಸ್ ಕೊಡೋದು, ಖೋ ಸಿಕ್ಕ ಕೂಡಲೇ ಏಳೋದು, ಇಂಥದ್ದಕ್ಕೆಲ್ಲ ಜಾಸ್ತಿ ಸಾಲು ಬೇಕು. ಇಂಟರ್ನ್ ಆಗಿ ಹೋದವರು ಈ ಒಂದು ಲೆಕ್ಕ ಮಾಡಿ, ಸಮಯ ನೋಡಿ, ಏಕಾಂತದಲ್ಲಿ ಕೋಚ್‌ಗೆ ತೋರಿಸಿದರೂ ಅವರಿಗೆ ದೊಡ್ಡ ಉಪಕಾರ. ಏಕಾಂತದಲ್ಲಿ ಅಂದೆ, ಮಕ್ಕಳ ಮುಂದೆ ಅಲ್ಲ.

ಎರಡನೇ ವಾರ ಮಕ್ಕಳನ್ನು ಬಿಡಿ, ಕೋಚ್‌ನ ನೋಡಿ. ಅಮೆರಿಕದಲ್ಲಿ ಜಾನ್ ವುಡನ್ ಅನ್ನುವ ಬಾಸ್ಕೆಟ್‌ಬಾಲ್ ಕೋಚ್ ಇದ್ದರು, ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ. 12 ವರ್ಷದಲ್ಲಿ 10 ಸಲ ಅವರ ತಂಡ ರಾಷ್ಟ್ರೀಯ ಚಾಂಪಿಯನ್. ಅವರ ಕೊನೆಯ ಸೀಸನ್ 1974-75 ರಲ್ಲಿ ಥಾರ್ಪ್ ಮತ್ತು ಗ್ಯಾಲಿಮೋರ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು, ಈ ಮನುಷ್ಯ ಬಾಯಿ ಬಿಟ್ಟಾಗಲೆಲ್ಲ ಏನು ಹೇಳುತ್ತಾನೆ ಅಂತ ಗೀಟು ಹಾಕುತ್ತಾ ಹೋದರು. 15 ಅಭ್ಯಾಸಗಳಲ್ಲಿ 2,326 ಗೀಟು ಬಿದ್ದವು. ಅದರಲ್ಲಿ ಹೊಗಳಿಕೆ ನೂರಕ್ಕೆ 7 ರಷ್ಟೂ ಇರಲಿಲ್ಲ. ಬರೀ ಬೈಗುಳವೂ ಹೆಚ್ಚುಕಡಿಮೆ ಅಷ್ಟೇ. ಮುಕ್ಕಾಲು ಪಾಲು ಮಾತಿನಲ್ಲಿ ಏನು ಮಾಡಬೇಕು, ಹೇಗೆ ಮಾಡಬೇಕು ಅನ್ನುವ ವಿಷಯ ಇತ್ತು. ಹೇಳುತ್ತಿದ್ದದ್ದು ಚಿಕ್ಕ ಚಿಕ್ಕ ಮಾತಿನಲ್ಲಿ, ಭಾಷಣ ಅಲ್ಲ.

ನಮ್ಮ ಮೈದಾನಗಳಲ್ಲಿ ಇದೇ ಗೀಟು ಹಾಕಿ ನೋಡಿ. ಒಂದು ಕಡೆ "ಶಾಬಾಶ್", "ಭಾರಿ", "ಏ ಕತ್ತೆ", ಇನ್ನೊಂದು ಕಡೆ "ಮೊಣಕೈ ಒಳಗೆ", "ಕಾಲು ಇನ್ನೂ ಮುಂದೆ". ಯಾವ ಕಡೆ ಜಾಸ್ತಿ ಗೀಟು ಬೀಳುತ್ತದೆ ಅಂತ ನಾನು ಹೇಳಲ್ಲ, ನೀವೇ ಎಣಿಸಿ. ಆಮೇಲೆ ನಿಮಗೆ ಗುಂಪು ಸಿಕ್ಕಾಗ ಗೆಳೆಯನೊಬ್ಬನನ್ನು ಕೂರಿಸಿ, ನಿಮ್ಮ ಮಾತನ್ನೂ ಎಣಿಸು ಅನ್ನಿ. ಮೈಮೇಲೆ ನೀರು ಸುರಿದ ಹಾಗಾಗುತ್ತದೆ.

ಹೇಳುವ ಮಾತಿನ ಬಗ್ಗೆ ಇನ್ನೊಂದು. ಗೇಬ್ರಿಯಲ್ ವುಲ್ಫ್ ಅಂತ ಒಬ್ಬ ಸಂಶೋಧಕಿ ಇದ್ದಾರೆ, ದೇಹ ಹೊಸ ಚಲನೆಯನ್ನು ಹೇಗೆ ಕಲಿಯುತ್ತದೆ ಅನ್ನೋದೇ ಅವರ ವಿಷಯ. ನಿಂತಲ್ಲಿಂದ ಮೇಲಕ್ಕೆ ಹಾರುವವರಿಗೆ "ನಿನ್ನ ಬೆರಳಿನ ಕಡೆ ಗಮನ ಇಡು" ಅಂದಾಗಿನದಕ್ಕಿಂತ "ಮೇಲಿರುವ ಪಟ್ಟಿಯ ಕಡೆ ಗಮನ ಇಡು" ಅಂದಾಗ ಜಾಸ್ತಿ ಎತ್ತರ ಹಾರಿದರು ಅಂತ ಅವರ ಪ್ರಯೋಗಗಳಲ್ಲಿ ಕಂಡಿದೆ. ದೇಹದ ಭಾಗದ ಬದಲು, ಹೊರಗಿನ ಗುರಿಯ ಕಡೆ ಮನಸ್ಸು ತಿರುಗಿಸೋದು. ಓಡುವ ಹುಡುಗನಿಗೆ "ತೊಡೆ ಎತ್ತು, ಹಿಮ್ಮಡಿ ಎತ್ತು, ಭುಜ ಸಡಿಲ ಬಿಡು" ಅಂತ ಮೂರು ಹೇಳಿದರೆ ಅವನು ಓಡೋದನ್ನೇ ಮರೆಯುತ್ತಾನೆ. "ನೆಲವನ್ನು ಹಿಂದಕ್ಕೆ ನೂಕು" ಅಂತ ಒಂದೇ ಹೇಳಿ ನೋಡಿ.

ಇನ್ನು ಕಾರಣ ಒಂದು ಕಡೆ, ತಪ್ಪು ಕಾಣೋದು ಇನ್ನೊಂದು ಕಡೆ. ಲಾಂಗ್ ಜಂಪ್ ತಗೊಳ್ಳಿ, ಅದು ನನ್ನ ಪ್ರೀತಿಯ ವಿಷಯ. ಹುಡುಗಿ ಓಡಿ ಬರುತ್ತಾಳೆ, ಕಾಲಿಟ್ಟು ಹಾರಬೇಕಾದ ಬೋರ್ಡ್ ಹತ್ತಿರ ಬಂದಾಗ ತಲೆ ತಗ್ಗಿಸಿ ಕೆಳಗೆ ನೋಡುತ್ತಾಳೆ, ಹೆಜ್ಜೆ ಚಿಕ್ಕದು ಮಾಡಿಕೊಂಡು ಟಕಟಕ ಅಂತ ಹೇಗೋ ಕಾಲಿಟ್ಟು ಹಾರುತ್ತಾಳೆ. ವೇಗ ಎಲ್ಲಾ ಅಲ್ಲೇ ಸತ್ತುಹೋಯಿತು. ಹೊಸ ಕೋಚ್ ಏನು ಹೇಳುತ್ತಾನೆ? "ತಲೆ ಎತ್ತು, ಬೋರ್ಡ್ ನೋಡಬೇಡ." ಆ ಬೋರ್ಡ್ ಇರೋದೇ 20 ಸೆಂಟಿಮೀಟರ್ ಅಗಲ. ನೋಡದೆ ಕಾಲಿಡು ಅಂದರೆ ಅವಳು ಹೇಗೆ ಇಡಬೇಕು? ತಪ್ಪು ಇರೋದು ಹಿಂದೆ, ಓಟ ಶುರು ಮಾಡುವ ಗುರುತಿನಲ್ಲಿ. ಇವತ್ತು ಅವಳ ಮೊದಲ ನಾಲ್ಕು ಹೆಜ್ಜೆ ನಿನ್ನೆಯಷ್ಟೇ ಉದ್ದ ಇದ್ದವಾ, ಎದುರುಗಾಳಿ ಇತ್ತಾ, ನಿಂತು ಶುರು ಮಾಡಿದಳಾ, ನಡೆದು ಬಂದು ಶುರು ಮಾಡಿದಳಾ? ಟೇಪ್ ಹಿಡಿದು ಗುರುತನ್ನು ಸ್ವಲ್ಪ ಹಿಂದೆಯೋ ಮುಂದೆಯೋ ಸರಿಸಿದರೆ ಎಷ್ಟೋ ಸಲ ಏನೂ ಹೇಳದೆಯೇ ತಲೆ ಮೇಲೆ ಬರುತ್ತದೆ. ಇದನ್ನು ಹಿಡಿಯಲು ಇಂಟರ್ನ್ ನಿಲ್ಲಬೇಕಾದ ಜಾಗ ಹೊಂಡದ ಹತ್ತಿರ ಅಲ್ಲ. ರನ್‌ವೇಯ ಪಕ್ಕದಲ್ಲಿ, ಸ್ವಲ್ಪ ದೂರದಲ್ಲಿ. ಎಲ್ಲರೂ ಹೊಂಡದ ಹತ್ತಿರ ನಿಲ್ಲುತ್ತಾರೆ, ಎಷ್ಟು ಮೀಟರ್ ಅಂತ ನೋಡೋಕೆ.

ಕಬಡ್ಡಿಯಲ್ಲೂ ಹೀಗೇ. ರೈಡ್ 30 ಸೆಕೆಂಡ್, ಎಲ್ಲರ ಕಣ್ಣೂ ರೈಡರ್ ಮೇಲೆ. ನೀವು ಒಂದು ದಿನ ಎಡ ಕಾರ್ನರ್‌ನಲ್ಲಿ ನಿಂತವನ ಕಾಲು ಮಾತ್ರ ನೋಡಿ. ರೈಡರ್ ಆಚೆ ಕಡೆ ಹೋದಾಗ ಇವನು ಏನು ಮಾಡುತ್ತಾನೆ? ಹಿಮ್ಮಡಿ ಊರಿ ಆರಾಮಾಗಿ ನಿಂತರೆ, ರೈಡರ್ ತಿರುಗಿ ಬಂದಾಗ ಅವನು ತಡ ಆಗೇ ಆಗುತ್ತಾನೆ. ಔಟ್ ಆಗುವ ಎಷ್ಟೋ ಹೊತ್ತಿನ ಮೊದಲೇ ಔಟ್ ಆಗಿರುತ್ತಾನೆ.

ಈಗ ಎಲ್ಲಿಗೆ ಹೋಗಬೇಕು ಅನ್ನೋದು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ, ಒಪ್ಪದಿದ್ದರೆ ಬಿಡಿ. ಎಲ್ಲರಿಗೂ ಬೆಂಗಳೂರಿನ ದೊಡ್ಡ ಅಕಾಡೆಮಿ ಬೇಕು. ಬ್ಯಾಡ್ಮಿಂಟನ್ ಆದರೆ ಹೈದರಾಬಾದ್, ಅದು ನಮಗೆ ಬೆಂಗಳೂರಿಗಿಂತ ಬಹಳ ಹತ್ತಿರ ಕೂಡ, ಬೀದರ್‌ನವರಿಗಂತೂ ಇನ್ನೂ ಹತ್ತಿರ. ಹೋಗಬೇಡಿ ಅನ್ನಲ್ಲ. ಆದರೆ ಮೊದಲ ಇಂಟರ್ನ್‌ಶಿಪ್‌ಗೆ ಅದು ಸರಿಯಾದ ಜಾಗ ಅಲ್ಲ ಅಂತ ನನ್ನ ಅನಿಸಿಕೆ. ಅಲ್ಲಿ ಆರಿಸಿ ತಂದ ಮಕ್ಕಳು, ಒಳ್ಳೆ ಕೋರ್ಟ್, ಫಿಸಿಯೋ, ಎಲ್ಲಾ ಇರುತ್ತದೆ, ನಿಮಗೆ ಸಿಗೋದು ಶಟಲ್ ಹೆಕ್ಕುವ ಕೆಲಸ. ನಮ್ಮ ಚಿತ್ತಾಪುರ, ಸೇಡಂ, ಆಳಂದ, ಜೇವರ್ಗಿ ಕಡೆ ಯಾವುದಾದರೂ ಹಳ್ಳಿ ಹೈಸ್ಕೂಲಿನಲ್ಲಿ, ಸರಿಯಾದ ಮೈದಾನ ಇಲ್ಲದೆ, ನಾಲ್ಕು ಚೆಂಡು ಇಟ್ಟುಕೊಂಡು, ಪ್ರತಿ ವರ್ಷ ಖೋ-ಖೋ ತಂಡವನ್ನು ಜಿಲ್ಲಾ ಮಟ್ಟಕ್ಕೆ ಕರೆದುಕೊಂಡು ಬರುವ ಪಿ.ಇ. (ದೈಹಿಕ ಶಿಕ್ಷಣ) ಟೀಚರ್ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಹುಡುಕಿ. ಏನೂ ಇಲ್ಲದ ಕಡೆ ಗುಂಪು ಹೇಗೆ ನಡೆಸಬೇಕು ಅಂತ ಅವರಿಗೆ ಗೊತ್ತಿದೆ. ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ, ಅಷ್ಟು ಜಾಗದಲ್ಲಿ ಅವರು ಇಡೀ ಶಾಲೆ ಆಡಿಸುತ್ತಾರೆ.

ನಗರದಲ್ಲೇ ಇರಬೇಕು ಅನ್ನುವವರಿಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಇದೆ, ಬೀದರ್‌ನಲ್ಲಿ ನೆಹರು ಕ್ರೀಡಾಂಗಣ. ಕ್ರೀಡಾ ಇಲಾಖೆಯ ತರಬೇತುದಾರರು, ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯ ಕೇಂದ್ರಗಳಲ್ಲಿ ಕಲಿಸುವ ಹಳೆ ಆಟಗಾರರು, ಖಾಸಗಿ ಕ್ರಿಕೆಟ್ ನೆಟ್ ನಡೆಸುವವರು. ಯಾರ ಹತ್ತಿರ ಹೋದರೂ ಒಂದು ಪ್ರಶ್ನೆ ಕೇಳಿ: "ಎರಡು ತಿಂಗಳಾದ ಮೇಲೆ ನನ್ನ ಕೈಗೆ ಒಂದು ಚಿಕ್ಕ ಗುಂಪು ಕೊಡ್ತೀರಾ?" ಹತ್ತು ವರ್ಷದ ಒಳಗಿನ ಎಂಟು ಮಕ್ಕಳಾದರೂ ಸಾಕು. "ನೋಡೋಣ" ಅಂದರೆ ಇಲ್ಲ ಅಂತ ಅರ್ಥ. ನನಗೆ ಗೊತ್ತಿರುವ ಒಂದು ಅಕಾಡೆಮಿಯಲ್ಲಿ ಹುಡುಗರನ್ನು ವರ್ಷಪೂರ್ತಿ ಕೋನ್ ಇಡಲು, ಫೀ ವಸೂಲಿ ಮಾಡಲು, ಮಾಲೀಕರ ಮಗನನ್ನು ಸ್ಕೂಲಿಂದ ಕರೆತರಲು ಇಟ್ಟುಕೊಂಡಿದ್ದರು. ಕೊನೆಗೆ ಬಣ್ಣದ ಸರ್ಟಿಫಿಕೇಟ್ ಒಂದು ಕೊಟ್ಟರು. ಕೋನ್ ಇಡೋದು, ಹಾಜರಿ ಹಾಕೋದು, ನೀರು ತುಂಬೋದು, ಇದೆಲ್ಲ ಮಾಡಬೇಕು, ಅದರಲ್ಲಿ ಅವಮಾನ ಏನಿಲ್ಲ. ಕೋನ್ ಯಾಕೆ ಅಷ್ಟು ದೂರಕ್ಕೆ ಇಡಬೇಕು ಅಂತ ಕೇಳಿದಾಗ ಉತ್ತರ ಸಿಗುತ್ತದಾ ಅನ್ನೋದೇ ಪರೀಕ್ಷೆ.

ಕೇಳುವ ರೀತಿ ಬಗ್ಗೆಯೂ ಹೇಳಿಬಿಡುತ್ತೇನೆ. ವಾಟ್ಸಾಪ್‌ನಲ್ಲಿ ಬಯೋಡೇಟಾ ಕಳಿಸಿ "ಸರ್ ಇಂಟರ್ನ್‌ಶಿಪ್ ಪ್ಲೀಸ್" ಅಂತ ಹಾಕಬೇಡಿ. ಬೆಳಿಗ್ಗೆ ಮೈದಾನಕ್ಕೆ ಹೋಗಿ, ಅಭ್ಯಾಸ ಮುಗಿಯುವವರೆಗೆ ದೂರದಲ್ಲಿ ನಿಲ್ಲಿ, ಮಕ್ಕಳು ಹೋದ ಮೇಲೆ ಮಾತಾಡಿ. ವಾರಕ್ಕೆ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ನೀವೇ ಹೇಳಿ, ಹೇಳಿದ ಮೇಲೆ ತಪ್ಪಿಸಬೇಡಿ. ಬರುವವರಲ್ಲಿ ಬಹಳಷ್ಟು ಜನ ಮೊದಲ ಹಬ್ಬಕ್ಕೆ ಊರಿಗೆ ಹೋದವರು ತಿರುಗಿ ಬರಲ್ಲ, ಕೋಚ್‌ಗಳಿಗೆ ಅದು ರೂಢಿಯಾಗಿದೆ.

ಆಗಸ್ಟ್‌ನಿಂದ ಶಾಲಾ ಕ್ರೀಡಾಕೂಟ, ದಸರಾ ಕ್ರೀಡಾಕೂಟ ಒಂದರ ಹಿಂದೆ ಒಂದು ಬರುತ್ತವೆ. ತಾಲ್ಲೂಕು, ಜಿಲ್ಲೆ, ವಿಭಾಗ. ಅಲ್ಲಿ ಅಫಿಷಿಯಲ್ ಆಗಿ ಕೆಲಸ ಮಾಡಿ. ಸಮಯ ಬರೆಯೋದು, ಟೇಪ್ ಹಿಡಿಯೋದು, ಸ್ಕೋರ್ ಶೀಟ್ ತುಂಬೋದು. ಒಂದೇ ದಿನದಲ್ಲಿ ಅಷ್ಟೊಂದು ಮಕ್ಕಳ ಓಟ ಬೇರೆಲ್ಲೂ ನೋಡಲು ಸಿಗಲ್ಲ. ಅಲ್ಲಿ ಒಂದು ವಿಷಯ ಗಮನಿಸಿ: 14 ವರ್ಷದೊಳಗಿನ ವಿಭಾಗದಲ್ಲಿ ಗೆಲ್ಲುವವರು ಬಹಳ ಸಲ ಬೇಗ ಬೆಳೆದ ಮಕ್ಕಳು. ಮೀಸೆ ಚಿಗುರಿದ ಹುಡುಗ ಎಲ್ಲರಿಗಿಂತ ಮುಂದೆ. ಎರಡು ವರ್ಷದ ಮೇಲೆ ಉಳಿದವರೂ ಬೆಳೆಯುತ್ತಾರೆ, ಆಗ ಯಾರು ಮುಂದೆ? ನಾಲ್ಕನೇ ಸ್ಥಾನಕ್ಕೆ ಬಂದ ಸಣಕಲು ಹುಡುಗನ ಹೆಸರನ್ನೂ ಬರೆದಿಟ್ಟುಕೊಳ್ಳಿ. ಹಾಗೇ, ಯಾರಾದರೂ ಹುಟ್ಟಿದ ತಾರೀಖು ತಿದ್ದಿದ ಫಾರಂ ಕೊಟ್ಟು "ಸುಮ್ನೆ ಸಹಿ ಮಾಡು" ಅಂದರೆ ಮಾಡಬೇಡಿ. ಯಾರೇ ಹೇಳಲಿ.

ಮಕ್ಕಳ ಸುರಕ್ಷತೆ. ಇದನ್ನು ಬೇಗ ಹೇಳಿ ಮುಗಿಸಲು ಆಗಲ್ಲ.

ನಮ್ಮ ಊರಿನ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟೋದು ಇಲ್ಲಿ ಸುದ್ದಿಯೇ ಅಲ್ಲ, ಆದರೆ ಬೇಸಿಗೆ ಶಿಬಿರ ನಡೆಯೋದೂ ಆಗಲೇ. ಅಭ್ಯಾಸ ಬಿಸಿಲೇರುವ ಮೊದಲೇ ಮುಗಿಯಬೇಕು, ನೀರು ಕೇಳಿದಾಗ ಕೊಡಬೇಕು, "ನೀರು ಕುಡಿದ್ರೆ ಓಡಕ್ಕಾಗಲ್ಲ" ಅನ್ನುವ ಹಳೆ ಮಾತು ಬಿಡಬೇಕು. ಮಗು ತೊದಲಿದರೆ, ಏನೇನೋ ಮಾತಾಡಿದರೆ, ತೂರಾಡಿದರೆ ಅದು ಬರೀ ಸುಸ್ತಲ್ಲ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿರಬಹುದು, ಶಾಖಾಘಾತ ಆಗಿರಬಹುದು. ಆಗ ಮೊದಲ ಕೆಲಸ ತಂಪು ಮಾಡೋದು. ನೆರಳಿಗೆ ತಂದು, ತೊಟ್ಟಿ ಇದ್ದರೆ ತಣ್ಣೀರಲ್ಲಿ ಕೂರಿಸಿ, ಇಲ್ಲದಿದ್ದರೆ ಮೈತುಂಬ ನೀರು ಸುರಿದು, ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಕಿ. ಆಂಬುಲೆನ್ಸ್‌ಗೆ 108 ಕ್ಕೆ ಇನ್ನೊಬ್ಬರು ಫೋನ್ ಮಾಡಲಿ, ಅದು ಬರುವವರೆಗೂ ತಂಪು ಮಾಡೋದು ನಿಲ್ಲಿಸಬೇಡಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಇಂಟರ್ನ್ ಆಗಿ ಸೇರಿದ ಮೊದಲ ದಿನವೇ ನೀರು ಎಲ್ಲಿದೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಪೆಟ್ಟಿಗೆ ಇದ್ದರೆ ಸಾಲದು, ಒಳಗೆ ಏನಾದರೂ ಇದೆಯಾ ನೋಡಿ.

ಬೆಳೆಯುವ ವಯಸ್ಸಿನ ಮಕ್ಕಳು ಮೊಣಕಾಲ ಚಿಪ್ಪಿನ ಕೆಳಗಿನ ಮೂಳೆ ಉಬ್ಬಿನಲ್ಲಿ ನೋವು ಅಂತ ಬಂದರೆ ನಾಟಕ ಅಂತ ಬೈಯಬೇಡಿ. ಓಸ್‌ಗುಡ್ ಶ್ಲಾಟರ್ ಅಂತ ಅದಕ್ಕೊಂದು ಹೆಸರೇ ಇದೆ, ಓಡುವ, ಹಾರುವ ಮಕ್ಕಳಲ್ಲಿ ಸಾಮಾನ್ಯ. ಹಾರುವ ಕೆಲಸ ಕಡಿಮೆ ಮಾಡಿಸಿ ಡಾಕ್ಟರಿಗೆ ತೋರಿಸಲು ಹೇಳಿ.

ಇನ್ನೊಂದು ಸುರಕ್ಷತೆ, ಅದರ ಬಗ್ಗೆ ನಮ್ಮಲ್ಲಿ ಮಾತೇ ಆಡಲ್ಲ. ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಇರಬೇಡಿ. ಭಂಗಿ ತಿದ್ದಲು ಮೈ ಮುಟ್ಟಬೇಕಾದರೆ ಕೇಳಿ, ಎಲ್ಲರಿಗೂ ಕಾಣುವ ಜಾಗದಲ್ಲಿ ಮಾಡಿ. ರಾತ್ರಿ ಮಕ್ಕಳಿಗೆ ಮೆಸೇಜ್ ಹಾಕಬೇಡಿ, ಹೇಳೋದಿದ್ದರೆ ಪಾಲಕರ ಗುಂಪಿನಲ್ಲಿ ಹೇಳಿ. ಯಾವ ಮಗುವಿಗಾದರೂ ಲೈಂಗಿಕ ದೌರ್ಜನ್ಯ ಆಗಿದೆ ಅಂತ ನಿಮಗೆ ತಿಳಿದರೆ 2012 ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸೋದು ನಿಮ್ಮ ಕರ್ತವ್ಯ, ಸುಮ್ಮನಿದ್ದರೆ ಅದೇ ಅಪರಾಧ. ಇಂಟರ್ನ್ ಆದರೂ ಅಷ್ಟೇ. ಮಾಡಿದವರು ನಿಮ್ಮ ಗುರುಗಳೇ ಆದರೂ ಅಷ್ಟೇ. ಮಕ್ಕಳ ಸಹಾಯವಾಣಿ 1098 ನೆನಪಿರಲಿ.

ಈಗ ಕೋರ್ಸ್. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ನಾವೆಲ್ಲ ಎನ್‌ಐಎಸ್ ಅನ್ನೋದು, 1961 ರಲ್ಲಿ ಶುರುವಾಯಿತು. ಹಳೆ ಮೋತಿಬಾಗ್ ಅರಮನೆಯಲ್ಲಿ. ಅಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, 6 ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಕೆಲವು ಆಟಗಳ ಡಿಪ್ಲೊಮಾ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೂ ನಡೆಯುತ್ತದೆ. ಸರ್ಕಾರಿ ಕೋಚ್ ಹುದ್ದೆಗಳಿಗೆ ಡಿಪ್ಲೊಮಾ ತೂಕ ಜಾಸ್ತಿ, 6 ವಾರದ್ದು ಅದಕ್ಕೆ ಸಮ ಅಲ್ಲ. ಆಟದ ಸಾಧನೆಯ ಪ್ರಮಾಣಪತ್ರ ಕೇಳುತ್ತಾರೆ, ಅದಕ್ಕೆ ಅಂತರ ವಿಶ್ವವಿದ್ಯಾಲಯ ಕೂಟದ ಕಾಗದಗಳನ್ನು ಜೋಪಾನ ಮಾಡಿ, ಮನೆಯಲ್ಲಿ ಅಮ್ಮ ರದ್ದಿ ಜೊತೆ ಹಾಕದ ಹಾಗೆ. ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಈಗ 2 ವರ್ಷದ್ದು, ಅದರಲ್ಲಿ ಶಾಲಾ ಇಂಟರ್ನ್‌ಶಿಪ್ ಇರುತ್ತದೆ, ಆದರೆ ಅದು ಪಿ.ಇ. ಟೀಚರ್ ಆಗಲು. ಅದನ್ನು ಕಾಟಾಚಾರಕ್ಕೆ ಮುಗಿಸದೆ ಸಂಜೆ ಹೊತ್ತು ಆ ಶಾಲೆಯ ತಂಡದ ಜೊತೆ ನಿಂತರೆ ಎರಡೂ ಆಗುತ್ತದೆ. ಫುಟ್‌ಬಾಲ್‌ ಕೋಚ್ ಆಗಲು ಡಿ ಲೈಸೆನ್ಸ್ ಅನ್ನುವ ಕೆಳಹಂತದ ಕೋಚಿಂಗ್ ಲೈಸೆನ್ಸ್‌ನಿಂದ ಶುರು. ಕ್ರಿಕೆಟ್‌ನಲ್ಲಿ ಮಂಡಳಿಯ ಲೆವೆಲ್‌ಗಳಿವೆ, ನಮ್ಮ ಜಿಲ್ಲೆ ರಾಜ್ಯ ಸಂಸ್ಥೆಯ ರಾಯಚೂರು ವಲಯದಲ್ಲಿ ಬರುತ್ತದೆ, ಅಲ್ಲಿ ವಿಚಾರಿಸಿ. ರಾಜ್ಯ ಸರ್ಕಾರದ ನೇಮಕಾತಿ ಬಂದಾಗ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಕೈಯಲ್ಲಿರಲಿ. ಅರ್ಜಿ ಕೊನೆ ದಿನ ತಹಶೀಲ್ ಆಫೀಸಿಗೆ ಓಡುವವರನ್ನು ಪ್ರತಿ ಸಲ ನೋಡುತ್ತೇನೆ.

ಇಂಟರ್ನ್‌ಶಿಪ್ ಮೊದಲು, ಕೋರ್ಸ್ ಆಮೇಲೆ ಅಂತ ಯಾಕೆ ಹೇಳಿದೆ ಅಂದರೆ, ಮೈದಾನದಲ್ಲಿ ಒಂದು ಸೀಸನ್ ನಿಂತವರು ಕ್ಲಾಸಿಗೆ ಪ್ರಶ್ನೆ ತಗೊಂಡು ಹೋಗುತ್ತಾರೆ. "ನನ್ನ ಹುಡುಗ ಕೊನೆಯ 30 ಮೀಟರ್‌ನಲ್ಲಿ ಯಾಕೆ ಬಿಗಿಯಾಗುತ್ತಾನೆ?" ಅಂತ ಕೇಳಲು ಒಬ್ಬ ಹುಡುಗ ಇರಬೇಕಲ್ವಾ. ಉಳಿದವರು ನೋಟ್ಸ್ ಬರೆದುಕೊಳ್ಳುತ್ತಾರೆ.

ಇನ್ನು ಕೇಳಿದ ಪ್ರಶ್ನೆಗಳು.

ಮೊದಲನೆಯದು ನಿರೀಕ್ಷೆ ಮಾಡಿದ್ದೇ. "ಸರ್, ರೊಕ್ಕ ಏನರ ಕೊಡ್ತಾರೇನ್ರಿ?" ಬಹಳ ಕಡೆ ಕೊಡಲ್ಲ. ಅದು ಸರಿ ಅಂತ ನಾನು ಹೇಳಲ್ಲ. ಕನಿಷ್ಠ ಬಸ್ ಖರ್ಚು, ಬೆಳಗಿನ ತಿಂಡಿ ಕೇಳಿ, ಕೇಳಲು ನಾಚಿಕೊಳ್ಳಬೇಡಿ. ನೀವು ನೋಡಿ ಕಲಿಯುತ್ತಿರುವಾಗ ಬಿಟ್ಟಿ ಇರೋದು ಒಪ್ಪಬಹುದು. ಫೀ ಕೊಡುವ ಮಕ್ಕಳ ಗುಂಪನ್ನು ನೀವೇ ಪೂರ್ತಿ ನಡೆಸಲು ಶುರು ಮಾಡಿದ ದಿನದಿಂದ ಅದು ಕೆಲಸ, ಕೆಲಸಕ್ಕೆ ಪಗಾರ ಬೇಕು. ಮನೆಯ ಪರಿಸ್ಥಿತಿ ಬಿಗಿ ಇದ್ದರೆ ಪೂರ್ತಿ ದಿನದ ಇಂಟರ್ನ್‌ಶಿಪ್ ಬೇಡವೇ ಬೇಡ. ಬೆಳಿಗ್ಗೆ ಎರಡು ಗಂಟೆ ಮೈದಾನ, ಆಮೇಲೆ ದುಡಿಮೆ. ಅಭ್ಯಾಸ ಹೇಗೂ ಬೆಳಿಗ್ಗೆ, ಸಂಜೆಯೇ ಇರುತ್ತದೆ.

ಒಬ್ಬ ಹುಡುಗಿ ಕೇಳಿದಳು, "ಮನ್ಯಾಗ ಬಿಡಲ್ರಿ ಸರ್, ಗಂಡಸ್ರ ನಡುವೆ ಏನ್ ಮಾಡ್ತಿ ಅಂತಾರ." ನಾನು ಹೇಳಿದ್ದು ಇಷ್ಟು. ಹಳ್ಳಿಗಳಲ್ಲಿ ಪಾಲಕರು ನನಗೆ ಹೇಳೋದು, "ಒಬ್ಬ ಮೇಡಮ್ ಇದ್ರ ನಮ್ ಹುಡ್ಗಿಗಿ ಕಳಸ್ತೀವ್ರಿ" ಅಂತ. ಹೊರಗಿನ ಕೂಟಕ್ಕೆ ಹುಡುಗಿಯರ ತಂಡ ಹೋಗಬೇಕಾದರೆ ಜೊತೆಗೆ ಮಹಿಳೆ ಬೇಕೇ ಬೇಕು, ಅಲ್ಲಿ ಸಿಗೋದು ಬಹಳ ಸಲ ಆಟವೇ ಗೊತ್ತಿಲ್ಲದ ಬೇರೆ ವಿಷಯದ ಟೀಚರ್. ನಿಮ್ಮ ಅವಶ್ಯಕತೆ ನಿಜವಾಗಿ ಇದೆ. ಇಬ್ಬರು ಗೆಳತಿಯರು ಸೇರಿ ಒಂದೇ ಕಡೆ ಹೋಗಿ, ಹೆಣ್ಣುಮಕ್ಕಳ ಶಾಲೆಯಿಂದ ಶುರು ಮಾಡಿ, ಒಂದು ದಿನ ಅಪ್ಪನನ್ನೂ ಮೈದಾನಕ್ಕೆ ಕರೆದುಕೊಂಡು ಬಂದು ತೋರಿಸಿ. ಅವಳು ತಲೆ ಆಡಿಸಿದಳು, ಒಪ್ಪಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಪ್ರೋಟೀನ್ ಪುಡಿ ಬಗ್ಗೆ ಒಬ್ಬರು ಕೇಳಿದರು. ಜಿಮ್‌ನವರು ಕೊಟ್ಟದ್ದನ್ನು ಮಕ್ಕಳಿಗೆ ಹೇಳಬಹುದಾ ಅಂತ. ಬೇಡ. ಡಬ್ಬಿ ಮೇಲೆ ಬರೆದದ್ದೇ ಒಳಗೆ ಇರುತ್ತದೆ ಅಂತ ಯಾರೂ ಖಾತ್ರಿ ಕೊಡಲ್ಲ. ನಿಷೇಧಿತ ವಸ್ತು ಸಿಕ್ಕರೆ "ನನಗೆ ಗೊತ್ತಿರಲಿಲ್ಲ" ಅನ್ನೋದು ಆಟಗಾರನನ್ನು ಉಳಿಸಲ್ಲ, ಕೊಟ್ಟ ಕೋಚ್‌ಗೂ ನಿಷೇಧ ಬೀಳಬಹುದು. ಮನೆಯಲ್ಲಿ ತೊಗರಿ ಬೇಳೆ ಇದೆ, ಶೇಂಗಾ ಇದೆ, ಹಾಲು, ಮೊಟ್ಟೆ ಇದೆ, ರೊಟ್ಟಿ ಇದೆ. ಮೊದಲು ಅದನ್ನು ಹೊಟ್ಟೆ ತುಂಬ ತಿನ್ನುತ್ತಾರಾ ಅಂತ ಕೇಳಿ.

ಕೊನೆಗೆ ಒಬ್ಬರು ಎದ್ದು, ಯಾವಾಗ ಶುರು ಮಾಡಲಿ ಅಂದರು. ಬೇಸಿಗೆ ಶಿಬಿರಕ್ಕೆ ಮಕ್ಕಳು ಜಾಸ್ತಿ ಬರುತ್ತಾರೆ, ಕೋಚ್‌ಗಳಿಗೆ ಕೈ ಸಾಲಲ್ಲ, ಆಗ ಹೊಸಬರಿಗೆ ಬಾಗಿಲು ತೆರೆದಿರುತ್ತದೆ. ಶಿಬಿರ ಶುರುವಾದ ಮೇಲೆ ಹೋದರೆ ಯಾರಿಗೂ ಮಾತಾಡಲು ಪುರುಸೊತ್ತು ಇರಲ್ಲ. ಮಾರ್ಚ್‌ನಲ್ಲೇ ಹೋಗಿ ಮಾತಾಡಿ. ಬೆಳಿಗ್ಗೆ 6 ಕ್ಕೆ ಹೋಗಿ, ಶೂ ಹಾಕಿಕೊಂಡು ಹೋಗಿ, ಚಪ್ಪಲಿಯಲ್ಲಿ ಬೇಡ.